ಓವರ್‌ಕ್ಲಾಕಾ, ಅಂಡರ್‌ವೋಲ್ಟಾ? ನನ್ನ 3060 ಮೇಲೆ ಎರಡನ್ನೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಂಡರ್‌ವೋಲ್ಟ್‌ಗೆ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು ಮನೆಗೆ ಬಂದು ಮೂರು ತಿಂಗಳಾಯಿತು. ಮೊದಲ ಒಂದೂವರೆ ತಿಂಗಳು ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸಿದೆ. ಆಮೇಲಿಂದ ಅಂಡರ್‌ವೋಲ್ಟ್, ಅಂದರೆ ಕಡಿಮೆ ವೋಲ್ಟೇಜ್‌ನಲ್ಲಿ.

ಓವರ್‌ಕ್ಲಾಕ್‌ಗೆ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಕೋರ್‌ಗೆ (ಮುಖ್ಯ ಚಿಪ್‌ಗೆ) 120, ಮೆಮೊರಿಗೆ 800 ಮೆಗಾಹರ್ಟ್ಸ್ ಜಾಸ್ತಿ ಕೊಟ್ಟಿದ್ದೆ. ಸೆಕೆಂಡಿಗೆ 70 ಫ್ರೇಮ್ ಬರುತ್ತಿದ್ದ ಆಟದಲ್ಲಿ 74 ಬಂತು. ಕಾರ್ಡು 170 ವಾಟ್ ಮಿತಿ ಬಿಟ್ಟು ಕೆಳಗಿಳಿಯಲೇ ಇಲ್ಲ. ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ತಲೆ ಕೆಡಿಸಿದ್ದು ಆಟ ಆಡದ ಹೊತ್ತು. ಒಂದು ರಾತ್ರಿ ನುಡಿಯಲ್ಲಿ ಟೈಪ್ ಮಾಡುತ್ತಾ ಕೂತಿದ್ದೆ. ಬೇರೇನೂ ತೆರೆದಿರಲಿಲ್ಲ. ಆದರೂ ಫ್ಯಾನ್ ತಿರುಗುತ್ತಲೇ ಇದೆ. ನನ್ನ ಕಾರ್ಡಿನಲ್ಲಿ ಬಿಸಿ ಕಡಿಮೆ ಇದ್ದಾಗ ಅದು ಪೂರ್ತಿ ನಿಲ್ಲಬೇಕು. ನೋಡಿದರೆ ಕೋರ್ 1950, ಮೆಮೊರಿ 8300 ಮೆಗಾಹರ್ಟ್ಸ್, ಕರೆಂಟು 41 ವಾಟ್! ಸುಮ್ನೆ ಇರುವಾಗ ಕೋರ್ 210ಕ್ಕೆ, ಮೆಮೊರಿ 405ಕ್ಕೆ ಇಳಿದು, 12 ವಾಟ್ ಆಸುಪಾಸಿನಲ್ಲಿ ಇರಬೇಕಿತ್ತು.

ರಿಫ್ರೆಶ್ ರೇಟ್ ಜಾಸ್ತಿ ಇರುವ ಎರಡು ಪರದೆ ಹಾಕಿದರೆ ಮೆಮೊರಿ ಇಳಿಯದೇ ಇರುವುದುಂಟು. ಎರಡನೇ ಮಾನಿಟರ್ ಕಿತ್ತು ನೋಡಿದೆ. ಅದಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಪ್ರಿಫರ್ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್' ಆರಿಸಿದ್ದರೂ ಹೀಗಾಗುತ್ತದೆ. ನನ್ನದು ನಾರ್ಮಲ್‌ನಲ್ಲೇ ಇತ್ತು. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಊಹೂಂ.

ಮೂರನೇ ದಿನ ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ ವೋಲ್ಟೇಜ್ ಕರ್ವ್ (ಎಷ್ಟು ವೋಲ್ಟೇಜ್‌ಗೆ ಕೋರ್ ಎಷ್ಟು ವೇಗ ಅಂತ ತೋರಿಸುವ ಗೆರೆ) ತೆರೆದೆ. ಒಂದು ಚುಕ್ಕಿಯ ಮೇಲೆ ಹಳದಿ ಗೆರೆ ನೆಟ್ಟಗೆ ನಿಂತಿತ್ತು. ಓವರ್‌ಕ್ಲಾಕ್ ಪರೀಕ್ಷೆಯ ದಿನ ಎಲ್ ಕೀ ಒತ್ತಿ ಆ ಚುಕ್ಕಿಗೆ ಬೀಗ ಹಾಕಿದ್ದೆ, ಅಂದರೆ ವೇಗ ಅಲ್ಲೇ ನಿಲ್ಲುವ ಹಾಗೆ ಮಾಡಿದ್ದೆ. ಪರೀಕ್ಷೆಗೆ ಅದು ಬೇಕು, ವೇಗ ಏರಿಳಿಯುತ್ತಿದ್ದರೆ ಕಾರ್ಡು ಆ ಚುಕ್ಕಿಯಲ್ಲಿ ತಡೆಯುತ್ತದಾ ಇಲ್ವಾ ಗೊತ್ತಾಗುವುದಿಲ್ಲ. ಆದರೆ ಬೀಗ ತೆಗೆಯದೆಯೇ ಆ ಸೆಟ್ಟಿಂಗನ್ನೆಲ್ಲ ಪ್ರೊಫೈಲ್ ಆಗಿ ಸೇವ್ ಮಾಡಿದ್ದೆ. ಕಂಪ್ಯೂಟರ್ ಆನ್ ಆದಾಗಲೆಲ್ಲ ಅದೇ ಬಂದು ಕೂರುತ್ತಿತ್ತು. ಮತ್ತೆ ಎಲ್ ಒತ್ತಿ ಅಪ್ಲೈ ಕೊಟ್ಟೆ. ಕೋರ್ 210ಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಫ್ಯಾನ್ ನಿಂತಿತು. ಆ ನಿಶ್ಶಬ್ದ ಎಷ್ಟು ಹಿತವಾಗಿತ್ತು ಅಂದರೆ, ಆಟ ಆಡುವಾಗಲೂ ಅದೇ ಬೇಕು ಅನ್ನಿಸಿತು.

ಅಂಡರ್‌ವೋಲ್ಟ್ ಮಾಡುವುದೂ ಅದೇ ಕರ್ವ್‌ನಲ್ಲಿ. 850 ಮಿಲಿವೋಲ್ಟ್‌ನ ಚುಕ್ಕಿಯನ್ನು 1800 ಮೆಗಾಹರ್ಟ್ಸ್‌ಗೆ ಎತ್ತಿ, ಅದರ ಬಲಗಡೆಯದ್ದನ್ನೆಲ್ಲ ಅದೇ ಮಟ್ಟಕ್ಕೆ ಸಮ ಮಾಡಿದೆ. ಮೆಮೊರಿ ಮುಟ್ಟಲಿಲ್ಲ, ಎಲ್ ಅಂತೂ ಒತ್ತಲೇ ಇಲ್ಲ. ಎಡಗಡೆಯ ಕರ್ವ್ ಹಾಗೇ ಇರುವುದರಿಂದ ಕೆಲಸ ಇಲ್ಲದಾಗ ಕಾರ್ಡು ಆರಾಮಾಗಿ ಕೆಳಗಿಳಿಯುತ್ತದೆ. ಅದೇ ಆಟದಲ್ಲಿ ಈಗ 69 ಫ್ರೇಮ್, 125 ವಾಟ್.

ನನಗೆ ಕೆಲಸ ಇಲ್ಲದಾಗ ಕಾರ್ಡು ಕೆಳಗಿಳಿಯುವುದು ಮುಖ್ಯ. ಕಂಪ್ಯೂಟರ್ ದಿನಕ್ಕೆ 12 ಗಂಟೆ ಆನ್ ಇರುತ್ತದೆ, ಆಟ ಒಂದು ಗಂಟೆ ಅಷ್ಟೇ. ಸುಮ್ನೆ ಪೋಲಾಗುತ್ತಿದ್ದ 29 ವಾಟ್ ಅಂದರೆ ತಿಂಗಳಿಗೆ ಸುಮಾರು 10 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ, ಬೇಸಿಗೆಯಲ್ಲಿ ನಮ್ಮ ಮನೆಯದು 190ರ ಹತ್ತಿರ ಹೋಗುತ್ತದೆ.

ಕಾರ್ಡಿನಿಂದ ಕೊನೆಯ ಫ್ರೇಮ್‌ವರೆಗೂ ಹಿಂಡಬೇಕು ಅನ್ನುವವರು ಓವರ್‌ಕ್ಲಾಕ್ ಮಾಡಲಿ, ಬೀಗ ಮಾತ್ರ ನೋಡಿಕೊಳ್ಳಲಿ. ನನ್ನ ಓವರ್‌ಕ್ಲಾಕ್ ಪ್ರೊಫೈಲ್ ಎರಡನೇ ಸ್ಲಾಟ್‌ನಲ್ಲಿ ಇನ್ನೂ ಇದೆ, ಬೀಗ ತೆಗೆದದ್ದು. ಒಂದೂವರೆ ತಿಂಗಳಿಂದ ಅದನ್ನು ಒತ್ತಿಲ್ಲ.