ಬುಗಾಟಿ ಟೈಪ್ 35 ಮಾದರಿಯ ಮೈಗೆ ಯಾವುದು: ಪ್ರೆಸ್ ಪ್ಲೇಟೋ, ಸ್ಟೈರೀನೋ, ರೆಸಿನ್ನೋ?

ಕಿಟ್ ಇಲ್ಲದೆ 1/12 ಅಳತೆಯಲ್ಲಿ ಬುಗಾಟಿ ಟೈಪ್ 35 ರೇಸ್ ಕಾರಿನ ಮಾದರಿ ಕಟ್ಟುವುದಾದರೆ ಅದರ ಮೈಗೆ ಆಫ್‌ಸೆಟ್ ಪ್ರೆಸ್‌ನವರು ರದ್ದಿಗೆ ಹಾಕುವ ಅಲ್ಯೂಮಿನಿಯಂ ಪ್ಲೇಟೇ ಸೈ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಶೀಟ್, ರೆಸಿನ್ನಿನ 3ಡಿ ಪ್ರಿಂಟ್ ಎರಡನ್ನೂ ಮಾಡಿ ನೋಡಿಯೇ ಈ ಮಾತು. 1924ರಲ್ಲಿ ಲಿಯಾನ್ ಗ್ರ್ಯಾಂಡ್ ಪ್ರಿಯಲ್ಲಿ ಮೊದಲು ಓಡಿದ ಈ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2400 ಮಿ.ಮೀ., ಟ್ರ್ಯಾಕ್ (ಎಡ, ಬಲ ಚಕ್ರಗಳ ನಡುವಿನದು) 1200. ಮಾದರಿಯಲ್ಲಿ 200 ಮತ್ತು 100. ಲೆಕ್ಕವೇನೋ ಸಲೀಸು. ತಲೆನೋವೆಲ್ಲ ಬಾನೆಟ್ಟಿನ ಲೂವರ್‌ಗಳದ್ದು, ಅಂದರೆ ಬಿಸಿಗಾಳಿ ಹೊರಹೋಗಲೆಂದು ಎಬ್ಬಿಸಿದ ಸಾಲುಸಾಲು ಸೀಳುಗಳದ್ದು.

ಸ್ಟೈರೀನಿನಲ್ಲಿ 1 ಮಿ.ಮೀ. ಅರ್ಧದುಂಡು ಪಟ್ಟಿ ಅಂಟಿಸಬೇಕು. ದೂರಕ್ಕೆ ಚೆನ್ನ, ಹತ್ತಿರ ಬಂದರೆ ಬಾಯಿಲ್ಲದ ಲೂವರ್. ಅಂಟು ಹೆಚ್ಚಾದರೆ 0.5 ಮಿ.ಮೀ. ಶೀಟು ಮೆತ್ತಗಾಗಿ, ಒಣಗುತ್ತಾ ಕುಳಿ ಬೀಳುತ್ತದೆ. ಅದು ಕಣ್ಣಿಗೆ ಬೀಳುವುದು ಪೇಂಟ್ ಹೊಡೆದ ಮೇಲೆಯೇ. ರೆಸಿನ್ನಿನಲ್ಲಿ ಸೀಳು ಸರಿಯಾಗಿ ಬರುತ್ತದೆ. ಪದರದ ಗೆರೆ ಹೋಗಲೆಂದು ಉಜ್ಜಿದರೆ ಅದರ ಅಂಚೂ ಜೊತೆಗೇ ಹೋಗುತ್ತದೆ. ಸೊಟ್ಟಗಾಗದಿರಲೆಂದು ಗೋಡೆಯನ್ನು 1 ಮಿ.ಮೀ. ದಪ್ಪ ಇಟ್ಟರೆ ಅಸಲಿ ಕಾರಿನ ಲೆಕ್ಕಕ್ಕೆ ಅದು 12 ಮಿ.ಮೀ. ತಗಡು!

0.15 ಮಿ.ಮೀ. ಪ್ಲೇಟಿನಲ್ಲಿ ಹರಿತವಾದ ಬ್ಲೇಡಿನಿಂದ ಸೀಳು ಕೊಯ್ದು, ಅರ್ಧದುಂಡು ಕಾಲುವೆ ಕೊರೆದ ಹಿತ್ತಾಳೆ ತುಂಡಿನ ಮೇಲಿಟ್ಟು, ಸೀಳಿನ ಒಂದೇ ಬದಿಯನ್ನು ಹಿಂದಿನಿಂದ ಒತ್ತಬೇಕು. ಒತ್ತುವ ಉಳಿಯ ಮೂಲೆಗಳು ದುಂಡಗಿರಲಿ, ಇಲ್ಲವಾದರೆ ಸೀಳಿನ ತುದಿ ಹರಿಯುತ್ತದೆ. ಪ್ರತಿ ಒತ್ತಿಗೂ ಲೋಹ ಹಿಗ್ಗುವುದರಿಂದ ಪ್ಯಾನೆಲ್ ಬಾಗುತ್ತದೆ. ಹಾಗಾಗಿ ನಾಲ್ಕೂ ಕಡೆ 20 ಮಿ.ಮೀ. ಹೆಚ್ಚು ಬಿಟ್ಟು, ಲೂವರ್ ಎಲ್ಲ ಮುಗಿದ ಮೇಲೆ ಅಳತೆಗೆ ಕತ್ತರಿಸಿ. ಹಿಂದಿನ ಲೂವರ್ ನೋಡಿ ಮುಂದಿನದನ್ನು ಗುರುತು ಹಾಕಬೇಡಿ: ತಲಾ 0.1 ಮಿ.ಮೀ. ತಪ್ಪಿದರೂ 20ನೆಯದಕ್ಕೆ ಬರುವಷ್ಟರಲ್ಲಿ ಸಾಲು 2 ಮಿ.ಮೀ. ಜರುಗಿರುತ್ತದೆ. ಒಂದೇ ತುದಿಯಿಂದ ಸ್ಕೇಲಿಟ್ಟು ಎಲ್ಲವನ್ನೂ ಒಮ್ಮೆಗೇ ಗುರುತಿಸಿ. ಒಂದು ಕೆಟ್ಟರೂ ಇಡೀ ಪ್ಯಾನೆಲ್ ಕಸಕ್ಕೆ. ರದ್ದಿ ಬೆಲೆಯ ಮಾಲು ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬರುತ್ತದೆ.

ಬಾನೆಟ್ಟಿನ ತಗಡನ್ನು ಕಾಯಿಸಬಾರದು, ಕೈ ತಾಗಿದರೂ ನೆಗ್ಗುವಷ್ಟು ಮೆದುವಾಗುತ್ತದೆ. ಚೂಪು ಬಾಲಕ್ಕೆ ಮಾತ್ರ ಕಾಯಿಸಲೇಬೇಕು. ಮೈಮೇಲೆ ಬಾರ್ ಸೋಪಿನ ಗೆರೆ ಎಳೆದು ಕೆಳಗಿನಿಂದ ಉರಿ ಕೊಡಿ, ಗೆರೆ ಕಪ್ಪಾದ ಕ್ಷಣವೇ ತೆಗೆಯಿರಿ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಸುವುದಿಲ್ಲ, ಸೀದಾ ತೂತಾಗುತ್ತದೆ. ಆಮೇಲೆ ಮರದ ಅಚ್ಚಿನ ಮೇಲೆ ಎಡ, ಬಲ ಎರಡು ಭಾಗವಾಗಿ ತಿಕ್ಕಿ ಕೂರಿಸಬೇಕು. ಚನ್ನಪಟ್ಟಣದ ಗೊಂಬೆಯವರು ಬಳಸುವ ಹಾಲೆ ಮರ ಸಿಕ್ಕರೆ ಅಚ್ಚಿಗೆ ಬೇರೆ ಹುಡುಕಬೇಡಿ, ಅಷ್ಟು ನಯ.

ಚಕ್ರದಲ್ಲಿ ಮಾತ್ರ ರೆಸಿನ್ನೇ ಗೆಲ್ಲುತ್ತದೆ. ಬ್ರೇಕ್ ಡ್ರಮ್ಮಿನ ಸಮೇತ ಎರಕ ಹೊಯ್ದ ಆ ಎಂಟು ಚಪ್ಪಟೆ ಸ್ಪೋಕುಗಳನ್ನು ನಾಲ್ಕೂ ಚಕ್ರಕ್ಕೆ ಒಂದೇ ಸಮ ಕೈಯಲ್ಲಿ ಅರದಿಂದ ತೆಗೆಯುವುದು ವ್ಯರ್ಥ ಶ್ರಮ. ಪ್ರಿಂಟ್ ಹೊರಗೆ ಮಾಡಿಸಿ. ಆಲ್ಕೋಹಾಲಿನಲ್ಲಿ ತೊಳೆಯುವ ವಾಸನೆ ಮನೆಯೊಳಗೆ ನನಗಂತೂ ಬೇಡ.

ನೀಲಿ ಬಣ್ಣಕ್ಕೆ ಮುಂಚೆ ಎಚ್ ಪ್ರೈಮರ್ (etch, ಲೋಹಕ್ಕೆ ಕಚ್ಚಿಕೊಳ್ಳುವ ತಳಬಣ್ಣ) ಕಡ್ಡಾಯ, ಇಲ್ಲವಾದರೆ ಮಾಸ್ಕಿಂಗ್ ಟೇಪಿನ ಜೊತೆ ಪೇಂಟೂ ಎದ್ದು ಬರುತ್ತದೆ. ಸ್ಟೈರೀನಿಗೆ ಆ ರಗಳೆಯಿಲ್ಲ. ಲೂವರ್ ಇಲ್ಲದ ಕಾರು ಆರಿಸಿಕೊಂಡವರಿಗೆ ಅದೇ ಸಾಕು.