ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿರುವ ಸಾಗವಾನಿ

ಅಪ್ಪ ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಒಂದು ಏಟು ಹಾಕಿ, ಸದ್ದು ಕೇಳಿ, ಒಳಗೆ ಪೊಳ್ಳಿದೆಯೋ ಇಲ್ಲವೋ ಹೇಳುತ್ತಿದ್ದರು. ಈ ಬೇಸಿಗೆಯಲ್ಲಿ ಮೊದಲ ಸಲ ಇಂಗ್ಲೆಂಡಿಗೆ, ಮಿಡಲ್ಸ್‌ಬರೋದಲ್ಲಿರುವ ನನ್ನ ಮನೆಗೆ ಬಂದರು. ಲಂಡನ್ ನೋಡೋಣ ಅಂದರೆ "ಊರು ಎಲ್ಲಾ ಕಡೆ ಊರ ಅವ್ವಾ" ಅಂದುಬಿಟ್ಟರು. ಹಾಗಾಗಿ ಹಾರ್ಟಲ್‌ಪೂಲ್‌ಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ. ಸ್ಟೇಷನ್‌ನಿಂದ ನಡೆದೇ ಹೋಗಬಹುದು.

ಅಲ್ಲಿರುವುದು ಬ್ರಿಟಿಷ್ ನೌಕಾಪಡೆಯ ರಾಷ್ಟ್ರೀಯ ಮ್ಯೂಸಿಯಂನ ಒಂದು ಶಾಖೆ. ಅದರ ನಡುವಿನ ಹಳೇ ಡಾಕ್‌ನ ನೀರಲ್ಲಿ ನಿಂತಿರುವುದು ಎಚ್‌ಎಂಎಸ್ ಟ್ರಿಂಕೋಮಲಿ. ಮೂರು ಕೂವೆಮರದ ಹಾಯಿ ಹಡಗು. ಉದ್ದ ಸುಮಾರು 150 ಅಡಿ, ಅಗಲ ಹತ್ತಿರ ಹತ್ತಿರ 40 ಅಡಿ. ಕಪ್ಪು ಮೈ, ನಡುವೆ ಬಿಳಿ ಪಟ್ಟೆ, ಮೂತಿಯಲ್ಲಿ ಪೇಟ ಸುತ್ತಿದ ಗಂಡಸಿನ ಬೊಂಬೆ. ಬ್ರಿಟನ್ನಿನ ಯುದ್ಧ ಹಡಗುಗಳ ಪೈಕಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಅತಿ ಹಳೆಯದು ಇದೇ. ಇದಕ್ಕಿಂತ ಹಳೆಯದಾದ, ಹೆಸರೂ ದೊಡ್ಡದಾದ ಎಚ್‌ಎಂಎಸ್ ವಿಕ್ಟರಿ ಪೋರ್ಟ್ಸ್‌ಮತ್‌ನಲ್ಲಿದೆ. ಆದರೆ ಅದು ನಿಂತಿರುವುದು ನೀರು ಬಸಿದ ಒಣ ಡಾಕ್‌ನಲ್ಲಿ.

ಟ್ರಿಂಕೋಮಲಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ಬಾಂಬೆಯಲ್ಲಿ. ನಾನು ಇದನ್ನು ಅಪ್ಪನಿಗೆ ಮೊದಲೇ ಹೇಳಿರಲಿಲ್ಲ. ಹಲಗೆಯ ಸೇತುವೆ ದಾಟಿ ಹಡಗಿಗೆ ಕಾಲಿಟ್ಟರು. ಕೆಳಗಿನ ಡೆಕ್‌ಗೆ ಇಳಿದು, ಬಣ್ಣ ಇಲ್ಲದ ಒಂದು ಮರದ ಮೇಲೆ ಅಂಗೈ ಇಟ್ಟರು. ಹೆಬ್ಬೆರಳಿನಿಂದ ಉಜ್ಜಿದರು. ಗೆರೆ ನೋಡಿದರು. "ಇದು ಸಾಗವಾನಿನ ಬಿಡವ್ವಾ. ಇಲ್ಲಿ ಮರ ಅಲ್ಲ ಇದು" ಅಂದರು. ನನಗೆ ಮೈ ಜುಮ್ಮೆಂದಿತು.

ಅವರು ಹೇಳಿದ್ದು ಸರಿ. ನೆಪೋಲಿಯನ್ ಜೊತೆಗಿನ ಯುದ್ಧಗಳಿಗಾಗಿ ಬ್ರಿಟನ್ ಹಡಗಿನ ಮೇಲೆ ಹಡಗು ಕಟ್ಟಿ, ತನ್ನ ಓಕ್ ಮರಗಳನ್ನು ಕಡಿದು ಕಡಿದು ಕೊರತೆ ಮಾಡಿಕೊಂಡಿತ್ತು. ಹಾಗಾಗಿ ಸಾಗವಾನಿ ಸಿಗುವ ಕಡೆಯೇ ಹಡಗು ಕಟ್ಟಿಸುವುದು ಶುರುವಾಯಿತು. ಟ್ರಿಂಕೋಮಲಿಗೆ ಬಂದದ್ದು ಮಲಬಾರಿನ ಸಾಗವಾನಿ. ನಮ್ಮ ದಾಂಡೇಲಿಯದು ಅಂತ ನಾನು ಹೇಳುವುದಿಲ್ಲ. ಆದರೆ ಘಟ್ಟ ಒಂದೇ, ಮರ ಒಂದೇ, ಅಲ್ವಾ?

ಕಟ್ಟಿಸಿದವರು ಬಾಂಬೆ ಡಾಕ್‌ಯಾರ್ಡಿನ ಮುಖ್ಯ ಹಡಗು ಮೇಸ್ತ್ರಿ ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ. ಸೂರತ್‌ನಿಂದ ಬಂದ ಪಾರ್ಸಿ ಮನೆತನ ಅವರದು. ಅಜ್ಜ ಲವ್‌ಜಿ 1736ರಲ್ಲಿ ಬಾಂಬೆಗೆ ಬಂದಾಗಿನಿಂದ ತಲೆತಲಾಂತರ ಅದೇ ಕಸುಬು. ಜಮ್ಶೆಟ್‌ಜಿಯವರ ಕೈಕೆಳಗೆ ಆದ ಇನ್ನೊಂದು ಹಡಗು ಎಚ್‌ಎಂಎಸ್ ಕಾರ್ನ್‌ವಾಲಿಸ್. 1842ರಲ್ಲಿ ಚೀನಾ ಮತ್ತು ಬ್ರಿಟನ್ ಮೊದಲ ಅಫೀಮು ಯುದ್ಧ ಮುಗಿಸಿದ ನಾನ್ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ಅದರ ಮೇಲೆಯೇ. ಬಾಚಿ ಹಿಡಿದು ಹಲಗೆ ಕೆತ್ತಿದ ಬಡಗಿಗಳ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ. ಅವರ ಕೈಕೆಲಸ ಮಾತ್ರ ಉಳಿದಿದೆ. ಅಪ್ಪ ಅಲ್ಲಿ ಇಡೀ ಹೊತ್ತು ನೋಡಿದ್ದು ಅದನ್ನೇ. ಹಲಗೆಗೆ ಹಲಗೆ ಕೂಡುವ ಜಾಗ, ಮರ ಬಾಗುವ ಜಾಗ. ಫಿರಂಗಿಗಳ ಕಡೆ ತಿರುಗಿಯೂ ನೋಡಲಿಲ್ಲ.

ಈ ಹಡಗು ಹುಟ್ಟುವ ಮೊದಲೇ ಒಂದು ಗಂಡಾಂತರ ಆಗಿತ್ತು. ಇದರ ನಕ್ಷೆಗಳನ್ನು ಬಾಂಬೆಗೆ ತರುತ್ತಿದ್ದದ್ದು ಎಚ್‌ಎಂಎಸ್ ಜಾವಾ ಎಂಬ ಹಡಗು. 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಅದನ್ನು ಸೋಲಿಸಿತು. ಜಾವಾ ಜೊತೆಗೆ ನಕ್ಷೆಯೂ ಹೋಯಿತು. ಮತ್ತೆ ನಕ್ಷೆ ಬರೆಸಿ ಕಳಿಸಬೇಕಾಯಿತು. ಕೆಲಸ ಶುರುವಾದದ್ದು 1816ರಲ್ಲಿ. ಪಾರ್ಸಿಗಳ ಪದ್ಧತಿಯಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದರು. ನಮ್ಮಲ್ಲಿ ಮನೆಯ ಬಾಗಿಲು ನಿಲ್ಲಿಸುವಾಗ ಪೂಜೆ ಮಾಡುತ್ತೇವಲ್ಲ, ಹಾಗೆ. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಖರ್ಚು ಆಗಿನ ಲೆಕ್ಕದಲ್ಲಿ ಸುಮಾರು 23,000 ಪೌಂಡ್. ಆದರೆ ಅಷ್ಟರಲ್ಲಿ ಯುದ್ಧ ಮುಗಿದು ಎರಡು ವರ್ಷ ದಾಟಿತ್ತು! 1819ರಲ್ಲಿ ಪೋರ್ಟ್ಸ್‌ಮತ್ ಮುಟ್ಟಿದ ಹೊಸ ಹಡಗನ್ನು ಸುಮ್ನೆ ಕಟ್ಟಿಹಾಕಿ ಇಟ್ಟರು. ಎರಡು ದಶಕಕ್ಕೂ ಜಾಸ್ತಿ. ಕೆಲಸಕ್ಕೆ ಹೊರಟಿದ್ದು 1847ರಲ್ಲಿ, ಅಮೆರಿಕದ ಕಡೆಗೆ. ಆಮೇಲೆ 1852ರಿಂದ 1857ರವರೆಗೆ ಪೆಸಿಫಿಕ್‌ನಲ್ಲಿ. ದೊಡ್ಡ ಕದನ ಅಂತ ಒಂದನ್ನೂ ನೋಡಲಿಲ್ಲ.

ಹಾಗೆ ಮೂಲೆಯಲ್ಲಿ ನಿಂತ ಓಕ್ ಹಡಗುಗಳು ಎಷ್ಟೋ ಕೊಳೆತು ಹೋದವು. ಇದು ಯಾಕೆ ಉಳಿಯಿತು? ಸಾಗವಾನಿಯಲ್ಲಿ ತನ್ನದೇ ಎಣ್ಣೆ ಇರುತ್ತದೆ. ನೀರು ಸುಲಭಕ್ಕೆ ಒಳಗೆ ಹೋಗುವುದಿಲ್ಲ, ಹುಳ ಹತ್ತುವುದು ಕಡಿಮೆ. ಇನ್ನೊಂದು ಕಾರಣ ನನಗೆ ಅಪ್ಪ ಹೇಳಿಯೇ ಗೊತ್ತಾಗಿದ್ದು. ಓಕ್ ಮರದ ಹುಳಿ ಅಂಶ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ಸಾಗವಾನಿಯ ಎಣ್ಣೆ ಮೊಳೆಯನ್ನು ಕಾಪಾಡುತ್ತದೆ. ಮೊಳೆ ಗಟ್ಟಿ ಇದ್ದರೆ ಹಲಗೆ ಕದಲುವುದಿಲ್ಲ. ಡಿಪೋದಲ್ಲಿ ಹಳೇ ಮನೆಗಳ ಬಾಗಿಲು, ತೊಲೆ ಬಿಚ್ಚಿ ತಂದಾಗ ಮೊಳೆಗಳನ್ನು ನೋಡಿದರೇ ಮರ ಯಾವುದು ಅಂತ ಹೇಳಬಹುದಿತ್ತಂತೆ.

1897ರಲ್ಲಿ ಇದನ್ನು ಒಡೆದು ಮಾರುವವರಿಗೆ ಕೊಟ್ಟಾಗಿತ್ತು. ವೀಟ್ಲಿ ಕಾಬ್ ಎಂಬ ಶ್ರೀಮಂತರು ಅವರಿಂದ ಕೊಂಡು, ಫೂಡ್ರಯಾಂಟ್ ಅಂತ ಹೆಸರಿಟ್ಟು, ಹುಡುಗರಿಗೆ ಕಡಲ ಕೆಲಸ ಕಲಿಸುವ ಶಾಲೆ ಮಾಡಿದರು. ಆ ಶಾಲೆ 1986ರವರೆಗೆ ನಡೆಯಿತು. 1987ರಲ್ಲಿ ಹಡಗನ್ನು ಬಾರ್ಜ್ ಎಂಬ ಚಪ್ಪಟೆ ದೋಣಿಯ ಮೇಲೆ ಹೊತ್ತು ಹಾರ್ಟಲ್‌ಪೂಲ್‌ಗೆ ತಂದರು. ಇಲ್ಲಿಗೇ ಯಾಕೆ ಅಂದರೆ, ಎಚ್‌ಎಂಎಸ್ ವಾರಿಯರ್ ಎಂಬ ಕಬ್ಬಿಣದ ಹಡಗನ್ನು ಆಗಷ್ಟೇ ರಿಪೇರಿ ಮಾಡಿ ಮುಗಿಸಿದ ಕೈಗಳು ಈ ಊರಲ್ಲಿದ್ದವು. ರಿಪೇರಿಗೆ ಹತ್ತು ವರ್ಷದ ಮೇಲೆ ಹಿಡಿಯಿತು, 2001ರಲ್ಲಿ ಮುಗಿಯಿತು. ಒಂದು ಕೋಟಿ ಪೌಂಡ್‌ಗೂ ಜಾಸ್ತಿ ಖರ್ಚು. ಇಷ್ಟಾದ ಮೇಲೂ ಅರ್ಧಕ್ಕಿಂತ ಜಾಸ್ತಿ ಮರ 1817ರದ್ದೇ. ನನ್ನ ಮಟ್ಟಿಗೆ ಈ ಮ್ಯೂಸಿಯಂಗೆ ಟಿಕೆಟ್ ತೆಗೆದುಕೊಳ್ಳುವುದಕ್ಕೆ ಇದೊಂದೇ ಕಾರಣ ಸಾಕು.

ಈಗ ಹೋಗುವವರಿಗೆ ಕೆಲವು ಮಾತು. ಮೊದಲು ಹಡಗಿಗೇ ಹೋಗಿ. ಬಾಗಿಲು ತೆಗೆದ ಕೂಡಲೇ ಹೋದರೆ ಜನ ಕಡಿಮೆ, ಒಳಗೆ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳುತ್ತದೆ. ಹಡಗಿನ ಸುತ್ತ ಹಳೇ ಕಾಲದ ಬಂದರು ಬೀದಿಯ ಹಾಗೆ ಅಂಗಡಿಸಾಲು ಕಟ್ಟಿದ್ದಾರೆ. ದರ್ಜಿ, ಕೋವಿ ಮಾಡುವವನು, ಅಚ್ಚುಕೂಟದವನು, ಹೀಗೆ. ಚಿಕ್ಕ ಮಕ್ಕಳಿಗೆ ಅದು ತುಂಬಾ ಹಿಡಿಸುತ್ತದೆ. ನಾವು ಅಲ್ಲಿ ಹದಿನೈದು ನಿಮಿಷ ಕಳೆದೆವು, ಹಡಗಿನಲ್ಲಿ ಎರಡೂವರೆ ಗಂಟೆ.

ಡೆಕ್‌ಗಳ ನಡುವಿನ ಮೆಟ್ಟಿಲು ಏಣಿಯಷ್ಟೇ ಕಡಿದು. ಕೆಳಗೆ ಹೋದಷ್ಟೂ ಸೂರು ತಗ್ಗು. ಮೊಣಕಾಲು ನೋವಿರುವವರು ಮೇಲಿನ ಡೆಕ್ ನೋಡಿಕೊಂಡು, ಕೆಳಗೆ ಹೋಗುವುದನ್ನು ಯೋಚಿಸಿ ನಿರ್ಧರಿಸಿ. ಅಪ್ಪನಿಗೆ 71, ಹಗ್ಗ ಹಿಡಿದು ಹಿಮ್ಮುಖವಾಗಿ ನಿಧಾನ ಇಳಿದರು. ಬೇಸಿಗೆಯಾದರೂ ಸ್ವೆಟರ್ ಬೇಕು, ಉತ್ತರ ಸಮುದ್ರದ ಗಾಳಿ ಅದು. ತಿಂಡಿ ಕಟ್ಟಿಕೊಂಡು ಹೋಗಿ. ನಾವು ಚಪಾತಿ, ಶೇಂಗಾ ಚಟ್ನಿ ಒಯ್ದಿದ್ದೆವು. ಹೊರಗೆ ಬೆಂಚಿನ ಮೇಲೆ ಕೂತು, ಕೂವೆಮರ ನೋಡುತ್ತಾ ತಿಂದೆವು.

ನಾವಿಕರು ಮಲಗುತ್ತಿದ್ದ ಡೆಕ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ತೊಲೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ನಿದ್ದೆ. ನೌಕಾಪಡೆಯ ಲೆಕ್ಕದಲ್ಲಿ ಒಬ್ಬನಿಗೆ ಸಿಗುತ್ತಿದ್ದ ಅಗಲ 14 ಇಂಚು. ನನ್ನ ಅಂಗೈಯಿಂದ ಅಳೆದು ನೋಡಿದೆ, ಎರಡು ಗೇಣು. ಆ ಜಾಗದಲ್ಲಿ ವರ್ಷಗಟ್ಟಲೆ ಮನೆ ಬಿಟ್ಟು ಇದ್ದವರು ಇವರು. ಯುದ್ಧದ ಕಥೆಗಿಂತ ನನ್ನ ಮನಸ್ಸಿಗೆ ತಟ್ಟಿದ್ದು ಈ ಎರಡು ಗೇಣು.

ಹಿಂದೆ ಬೇರೆ ಊರಲ್ಲೊಂದು ಹಳೇ ಹಡಗು ನೋಡಿದ್ದೆ. ಎಲ್ಲಾ ಕಡೆ ಹಗ್ಗ, ಗಾಜು, ಮುಟ್ಟಬೇಡಿ ಎಂಬ ಫಲಕ. ಚಿತ್ರ ನೋಡಿದಂತೆ ನೋಡಿ ಬಂದಿದ್ದೆ. ಇಲ್ಲಿ ಮರದ ಜೊತೆಗೆ ಇರಬಹುದು. ನಡೆದಾಡಬಹುದು, ಒರಗಬಹುದು, ಮೂಸಬಹುದು. ಟಾರು ಮತ್ತು ಹಳೇ ಮರ ಕೂಡಿದ ವಾಸನೆ. ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು. ಏನಾಯ್ತು ಅಂದೆ. "ಮಳಿ ಬಂದ ಮ್ಯಾಗ ಡಿಪೋದಾಗ ಹಿಂಗ ಇರತಿತ್ತು" ಅಂದರು.

ಹೊರಡುವ ಮುಂಚೆ ಅಲ್ಲಿನ ಸಿಬ್ಬಂದಿಯೊಬ್ಬರನ್ನು ಕೇಳು ಅಂದರು, ಇದೇ ನಕ್ಷೆಯ ಹಡಗು ಓಕ್‌ನಲ್ಲಿ ಕಟ್ಟಿದ್ದು ಎಲ್ಲಾದರೂ ಉಳಿದಿದೆಯಾ ಅಂತ. ಇದೆ. ಎಚ್‌ಎಂಎಸ್ ಯೂನಿಕಾರ್ನ್, 1824ರದ್ದು, ಸ್ಕಾಟ್ಲೆಂಡಿನ ಡಂಡಿಯಲ್ಲಿದೆ. ಅದಕ್ಕೆ ಹಾಯಿ ಕಟ್ಟಲೇ ಇಲ್ಲ, ಕೂವೆಮರದ ಬದಲು ಮೇಲೆ ಮಾಡು ಹೊದಿಸಿ ಇಟ್ಟರು. ಅಪ್ಪ ಊರಿಗೆ ವಾಪಸ್ ಹೋಗಲು ಇನ್ನೂ ಮೂರು ವಾರ ಇದೆ. ಮುಂದಿನ ಶನಿವಾರಕ್ಕೆ ಡಂಡಿಯ ಟಿಕೆಟ್ ಮಾಡಿಸಿದ್ದೇನೆ. ಅವರಿಗೆ ಅಲ್ಲಿಯ ಮೊಳೆಗಳನ್ನು ನೋಡಬೇಕಂತೆ.