ಅತ್ತೆಗೆ ಕೀಮೊ, ರೇಡಿಯೇಷನ್ ಮಾಡಿಸಿದ ಮಂಗಳೂರಿನ ಆಸ್ಪತ್ರೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ನಮಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. ಅತ್ತೆಗೆ ರಕ್ತ ಹೋಗುತ್ತಿದ್ದುದು ಮೂಲವ್ಯಾಧಿಯಿಂದ ಅಲ್ಲ, ಗುದದ್ವಾರದ ಕ್ಯಾನ್ಸರ್‌ನಿಂದ ಅಂತ ಬಯಾಪ್ಸಿಯಲ್ಲಿ (ಚೂರು ತೆಗೆದು ಮಾಡುವ ಪರೀಕ್ಷೆ) ಗೊತ್ತಾದಾಗ ಅಲ್ಲಿಗೇ ಹೋದೆವು. ಈ ಕಾಯಿಲೆಯ ಹೆಸರು ಹೇಳಲಿಕ್ಕೇ ಜನ ಹಿಂಜರಿಯುತ್ತಾರೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಇನ್ನು ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟಿಕೊಂಡೇ ಬದುಕಬೇಕು ಅಂತ ಅತ್ತೆ ಊಟ ಬಿಟ್ಟಿದ್ದರು. ಡಾಕ್ಟರ್ ಮೊದಲ ದಿನವೇ ಕೂರಿಸಿ ಹೇಳಿದರು. ಹಿಂದೆ ಆ ಜಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು, ಚೀಲ ತಪ್ಪುತ್ತಿರಲಿಲ್ಲ. ಡೆಟ್ರಾಯ್ಟಿನ ಸರ್ಜನ್ ನಾರ್ಮನ್ ನಿಗ್ರೊ ಆಪರೇಷನ್‌ಗೆ ಮೊದಲು ಕೀಮೊ, ರೇಡಿಯೇಷನ್ ಒಟ್ಟಿಗೆ ಕೊಟ್ಟು ನೋಡಿದರು. ಕೆಲವರಲ್ಲಿ ಗಡ್ಡೆಯೇ ಉಳಿದಿರಲಿಲ್ಲ. 1974ರಲ್ಲಿ ಅದು ಪ್ರಕಟವಾಯಿತು. ಈಗ ಹೆಚ್ಚಿನವರಿಗೆ ಇದೇ ಮೊದಲ ಚಿಕಿತ್ಸೆ. ಇದರಿಂದ ಹೋಗದಿದ್ದರೆ ಅಥವಾ ಮತ್ತೆ ಬಂದರೆ ಮಾತ್ರ ಆ ದೊಡ್ಡ ಆಪರೇಷನ್.

ವಾರಕ್ಕೆ ಐದು ದಿನ, ಸುಮಾರು ಐದೂವರೆ ವಾರ ರೇಡಿಯೇಷನ್. ಜೊತೆಗೆ ಕೀಮೊಗೆ ಮೈಟೊಮೈಸಿನ್ ಅಂತ ನೇರಳೆ ಬಣ್ಣದ ಇಂಜೆಕ್ಷನ್. ರೇಡಿಯೇಷನ್ ಇದ್ದ ದಿನ ಬೆಳಿಗ್ಗೆ, ರಾತ್ರಿ ಕೆಪೆಸಿಟಾಬಿನ್ ಅಂತ ಕೀಮೊ ಮಾತ್ರೆ. ದಿನಗಟ್ಟಲೆ ಡ್ರಿಪ್ ಹಾಕುವ ಬದಲು ಮಾತ್ರೆ ಕೊಟ್ಟದ್ದರಿಂದ ಅಡ್ಮಿಟ್ ಆಗುವುದು ತಪ್ಪಿತು.

ಅಲ್ಲಿನ ಟೆಕ್ನಿಷಿಯನ್ ಹುಡುಗಿಯನ್ನು ಎಷ್ಟು ಹೊಗಳಿದರೂ ಸಾಲದು. ಅತ್ತೆ ಸೀರೆ ಸಡಿಲಿಸಲು ನಾಚಿ ನಿಂತಾಗ ಗಂಡಸರನ್ನೆಲ್ಲ ಹೊರಗೆ ಕಳಿಸಿದಳು. ತುಳುವಿನಲ್ಲಿ ಮನೆ ವಿಷಯ ಕೇಳುತ್ತಾ ಮೇಲೊಂದು ಬಟ್ಟೆ ಹೊದೆಸಿ, ಗುರುತು ಹಾಕಿದ ಜಾಗ ಕಾಣುವಷ್ಟೇ ಸರಿಸಿದಳು. ಮರುದಿನದಿಂದ ಅತ್ತೆ ತಾವಾಗಿಯೇ ಒಳಗೆ ಹೋದರು.

ಕಷ್ಟ ಶುರುವಾದದ್ದು ಮೂರನೇ ವಾರದಲ್ಲಿ. ಚರ್ಮ ಕೆಂಪಾಗಿ ಸುಲಿಯಿತು. ಮೂತ್ರ ಮಾಡಿದರೂ ಉರಿ, ಮೇಲಿಂದ ಭೇದಿ. ನರ್ಸ್ ಎಲ್ಲ ತೋರಿಸಿಕೊಟ್ಟರು. ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಕೂರಿಸಬೇಕು. ಆಮೇಲೆ ಉಜ್ಜಬಾರದು, ಹಳೇ ಹತ್ತಿ ಸೀರೆಯ ತುಂಡಿನಿಂದ ಮೆಲ್ಲ ಒತ್ತಬೇಕು. ಪರಿಮಳದ ಸೋಪು, ಪೌಡರ್ ಬೇಡವೇ ಬೇಡ. ಕೀಮೊದಿಂದ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ತಗಲಬಹುದು, ಜ್ವರ ಬಂದರೆ ರಾತ್ರಿಯಾದರೂ ಫೋನ್ ಮಾಡಿ ಅಂದಿದ್ದರು. ಮಾಡಿದೆವು, ಎತ್ತಿದರು.

ಬಿಲ್ಲಿಂಗ್ ಕೌಂಟರ್ ಮಾತ್ರ ಸರಿಯಿಲ್ಲ. ಅಷ್ಟು ಜನರ ಎದುರು "ಎಲ್ಲಿಯ ಕ್ಯಾನ್ಸರ್?" ಅಂತ ಜೋರಾಗಿ ಕೇಳುತ್ತಾರೆ. ಫೈಲಿನಲ್ಲೇ ಇದೆ, ಅಲ್ವಾ? ಕಾಯುವಲ್ಲಿ ಬರೀ ಸ್ಟೀಲ್ ಕುರ್ಚಿ. ಆ ಚರ್ಮ ಇಟ್ಟುಕೊಂಡು ಅದರಲ್ಲಿ ಕೂರುವುದು ಹೇಗೆ? ಮನೆಯಿಂದ ದಿಂಬು ತಗೊಂಡು ಹೋಗಿ.

ಮುಗಿದ ಮೇಲಿನ ಮೊದಲ ತಪಾಸಣೆಯಲ್ಲಿ ಸ್ವಲ್ಪ ಗಟ್ಟಿ ಸಿಕ್ಕಿತು. ನಮ್ಮ ಕೈಕಾಲೇ ಆಡಲಿಲ್ಲ. ಡಾಕ್ಟರ್ ಅವಸರ ಮಾಡಲಿಲ್ಲ. ಕಡಿಮೆಯಾಗುತ್ತಾ ಇದ್ದರೆ ಆರು ತಿಂಗಳವರೆಗೂ ಕಾಯಬಹುದು, ಸುಮ್ನೆ ಬಯಾಪ್ಸಿ ಮಾಡಿ ಗಾಯ ಮಾಡುವುದು ಬೇಡ ಅಂದರು. ಆರು ತಿಂಗಳಿಗೆ ನೋಡಿದಾಗ ಏನೂ ಇರಲಿಲ್ಲ. ತಪಾಸಣೆ ಇನ್ನೂ ವರ್ಷಗಟ್ಟಲೆ ಇದೆ.

ಕಾಸರಗೋಡು ಕಡೆಯಿಂದ ಹೋಗುವವರು ಬೆಳಗಿನ ಸಮಯ ಕೇಳಿ ಪಡೆಯಿರಿ. ಕೊನೆಯ ವಾರಗಳಲ್ಲಿ ಸಾಧ್ಯವಾದರೆ ಮಂಗಳೂರಲ್ಲೇ ಉಳಿಯಿರಿ. ಆಗ ದಿನಾ ತಲಪಾಡಿ ಗಡಿ ದಾಟಿ ಹೋಗಿಬರುವುದು ರೋಗಿಗೆ ತುಂಬಾ ಜಾಸ್ತಿಯಾಗುತ್ತದೆ.